ದಂಡದಿಂದ ಪರಿಹಾರಕ್ಕೆ: ಔಷಧ ಚೀಟಿಯ ಒಂದು ಚರಿತ್ರೆ

ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನು ಆಳಿದ್ದು 1076ರಿಂದ 1126ರವರೆಗೆ. ಅವನ ರಾಜಧಾನಿಯಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲಿನ ಮಾತು ಬಂದಾಗ ಈ ಗ್ರಂಥದ ಹೆಸರನ್ನು ಕೇಳದವರು ವಿರಳ. ಆದರೆ ಅದೇ ಸ್ಮೃತಿಯಲ್ಲಿ ವೈದ್ಯನನ್ನು ಕುರಿತ ಒಂದು ಶ್ಲೋಕವೂ ಇದೆ. ತಪ್ಪು ಚಿಕಿತ್ಸೆ ಮಾಡಿದ ವೈದ್ಯನು ದಂಡಕ್ಕೆ ಅರ್ಹ. ರೋಗಿ ಪಶುವಾದರೆ ಪ್ರಥಮ ದಂಡ, ಮನುಷ್ಯನಾದರೆ ಮಧ್ಯಮ ದಂಡ, ರಾಜಪುರುಷನಾದರೆ ಉತ್ತಮ ದಂಡ ಎಂಬುದು ಅದರ ತಾತ್ಪರ್ಯ.

ಈ ಶ್ಲೋಕದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಜೀವಕ್ಕೆ ದರ್ಜೆಯಿದೆ. ಹೊಲದಲ್ಲಿ ದುಡಿಯುವವನ ಸಾವು ಬೇರೆ, ಅರಮನೆಯವನ ಸಾವು ಬೇರೆ. ಎರಡನೆಯದು, ದಂಡದ ಹಣ ಸೇರುವುದು ಅರಸನ ಬೊಕ್ಕಸಕ್ಕೆ. ಹೊಡೆದು ಗಾಯ ಮಾಡಿದವನು ದಂಡದ ಜೊತೆಗೆ ಗಾಯಾಳುವಿನ ಉಪಚಾರದ ಖರ್ಚನ್ನೂ ಕೊಡಬೇಕೆಂದು ಇದೇ ಸ್ಮೃತಿ ಬೇರೆಡೆ ವಿಧಿಸುತ್ತದೆ. ವೈದ್ಯನ ಶ್ಲೋಕದಲ್ಲಿ ಮಾತ್ರ ಅಂಥ ಮಾತಿಲ್ಲ. ತಪ್ಪಿಗೆ ಶಿಕ್ಷೆಯಾಯಿತು, ಮನೆಯವರ ಕೈಗೆ ಏನೂ ಬರಲಿಲ್ಲ.

ಆ ಹಣ ಬೊಕ್ಕಸದ ದಾರಿ ಬಿಟ್ಟು ನೊಂದವರ ಮನೆಯ ದಾರಿ ಹಿಡಿದದ್ದು ಹೇಗೆ, ಮತ್ತು ಜೀವಕ್ಕೆ ದರ್ಜೆ ಕಟ್ಟುವ ಅಭ್ಯಾಸ ನಿಜಕ್ಕೂ ಹೋಯಿತೆ ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಚರಿತ್ರೆಯನ್ನು ನೋಡಬಹುದು. ಇದರ ಮುಖ್ಯ ಘಟನೆಗಳಲ್ಲಿ ಹೆಚ್ಚಿನವು ಪುಣೆ, ಮುಂಬಯಿ, ಮದರಾಸು, ಹೈದರಾಬಾದು, ದೆಹಲಿಯ ಆಸುಪಾಸಿನಲ್ಲೇ ನಡೆದವು. ಅವು ಹೊರನಾಡಿನಲ್ಲಿ ನಾವು ಬಾಳುವ ಊರುಗಳೇ ಆಗಿವೆ.

ಮೊದಲ ತಿರುವು 1855ರದು. ಇಂಗ್ಲೆಂಡಿನಲ್ಲಿ 1846ರಲ್ಲಿ ಬಂದ ಕಾಯ್ದೆಯ ಮಾದರಿಯಲ್ಲಿ ಇಲ್ಲಿಯೂ ಮಾರಕ ಅಪಘಾತಗಳ ಕಾಯ್ದೆ ಜಾರಿಗೆ ಬಂದಿತು. ಇನ್ನೊಬ್ಬರ ತಪ್ಪಿನಿಂದ ಸಾವು ಸಂಭವಿಸಿದರೆ ಸತ್ತವರ ಗಂಡ, ಹೆಂಡತಿ, ತಂದೆತಾಯಿ ಹಾಗೂ ಮಕ್ಕಳಿಗಾಗಿ ದಾವೆ ಹೂಡಿ ನಷ್ಟವನ್ನು ಕೇಳಬಹುದು ಎಂದು ಅದು ಹೇಳಿತು. ಕಾಗದದ ಮೇಲೆ ಹಣದ ದಿಕ್ಕು ಬದಲಾಯಿತು. ಆದರೆ ವೈದ್ಯನ ಮೇಲೆ ದಾವೆ ಹೂಡಿ ಗೆದ್ದವರ ಕಥೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಮಾದರಿಯಾಗಿ ನಿಲ್ಲುವುದಕ್ಕೆ ಇನ್ನೂ ನೂರು ವರ್ಷಗಳೇ ಬೇಕಾದವು.

1953ರ ಮೇ ತಿಂಗಳು. ರತ್ನಾಗಿರಿ ಜಿಲ್ಲೆಯ ಪಾಲಶೇತದ ಸಮುದ್ರತೀರದಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಸುಮಾರು 200 ಮೈಲಿ ಟ್ಯಾಕ್ಸಿಯಲ್ಲಿ ಅವನನ್ನು ಪುಣೆಗೆ ತಂದರು. ಪೂರ್ಣ ಅರಿವಳಿಕೆ ಕೊಡದೆ, ಮಾರ್ಫಿಯಾ ಚುಚ್ಚುಮದ್ದೊಂದರ ಮೇಲೆ, ಬಲಪ್ರಯೋಗದಿಂದ ಮೂಳೆ ಕೂಡಿಸಿದ್ದರಿಂದ ಆಘಾತವಾಗಿ ಅವನು ಅಂದೇ ರಾತ್ರಿ ತೀರಿಕೊಂಡ ಎಂದು ನ್ಯಾಯಾಲಯಗಳು ಕಂಡುಕೊಂಡವು. ತಂದೆತಾಯಿಗೆ ದೊರೆತ ಪರಿಹಾರ 3,000 ರೂಪಾಯಿ. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 1968ರ ಮೇ ತಿಂಗಳಲ್ಲಿ. ಮಗ ಸತ್ತು ಹದಿನೈದು ವರ್ಷಗಳು ಕಳೆದಿದ್ದವು. ಆ ತೀರ್ಪಿನಲ್ಲಿ ವೈದ್ಯನ ಮೂರು ಹೊಣೆಗಳನ್ನು ಗುರುತಿಸಲಾಗಿದೆ: ರೋಗಿಯನ್ನು ಕೈಗೆತ್ತಿಕೊಳ್ಳಬೇಕೆ ಎಂದು ತೀರ್ಮಾನಿಸುವಾಗ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ, ಆ ಚಿಕಿತ್ಸೆಯನ್ನು ಕೊಡುವಾಗ ತಕ್ಕ ಎಚ್ಚರವಿರಬೇಕು. ಮುಂದೆ ಔಷಧ ಚೀಟಿಯ ತಪ್ಪುಗಳನ್ನೆಲ್ಲ ತೂಗಿದ್ದು ಈ ಮೂರು ಅಳತೆಗಳಲ್ಲಿಯೇ.

ಹದಿನೈದು ವರ್ಷ ಕೋರ್ಟು ಸುತ್ತುವ ಶಕ್ತಿ ಎಷ್ಟು ಮನೆಗಳಿಗೆ ಇದ್ದೀತು? 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೊಂದು ಹತ್ತಿರದ ದಾರಿ ತೋರಿಸಿತು. ಆರಂಭದಲ್ಲಿ ದೂರಿಗೆ ಶುಲ್ಕವಿರಲಿಲ್ಲ. ವಕೀಲರೇ ಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಆದರೆ ವೈದ್ಯರ ಮುಂದೆ ಕುಳಿತ ರೋಗಿ ಗ್ರಾಹಕನೆ? ಅಲ್ಲ ಎಂದು ಮದರಾಸು ಹೈಕೋರ್ಟು 1994ರಲ್ಲಿ ತೀರ್ಪಿತ್ತಿತು. ರಾಷ್ಟ್ರೀಯ ಗ್ರಾಹಕ ಆಯೋಗದ ನಿಲುವು ಇದಕ್ಕೆ ವ್ಯತಿರಿಕ್ತವಾಗಿತ್ತು. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ನಡುವಣ ಪ್ರಕರಣದಲ್ಲಿ 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ವಿವಾದವನ್ನು ಮುಗಿಸಿತು: ಹಣ ಪಡೆದು ಕೊಡುವ ಚಿಕಿತ್ಸೆ ಕಾಯ್ದೆಯ ಪ್ರಕಾರ ಸೇವೆಯೇ ಹೌದು.

ಅದೇ ತೀರ್ಪು ಒಂದು ಬಾಗಿಲನ್ನು ಮುಚ್ಚಿಯೇ ಇಟ್ಟಿತು. ಎಲ್ಲ ರೋಗಿಗಳಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯ ವಿರುದ್ಧ ಗ್ರಾಹಕನಾಗಿ ದೂರುವಂತಿಲ್ಲ. ಧರ್ಮಾಸ್ಪತ್ರೆಯ ಸಾಲಿನಲ್ಲಿ ನಿಂತವನಿಗೆ ಉಳಿದದ್ದು ಹಳೆಯ ಸಿವಿಲ್ ಕೋರ್ಟಿನ ದಾರಿಯೇ. ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೆ ಬಟ್ಟೆ ಬಿಟ್ಟದ್ದರಿಂದ ಹೆಣ್ಣುಮಗಳೊಬ್ಬಳು ಸತ್ತ ಪ್ರಕರಣದಲ್ಲಿ, ಸರಕಾರವೇ ಹೊಣೆ ಎಂಬ ಸುಪ್ರೀಂ ಕೋರ್ಟಿನ ಅಂತಿಮ ಮಾತು ಬಂದದ್ದು 1996ರಲ್ಲಿ. ನಡುವೆ ಮೂವತ್ತಮೂರು ವರ್ಷ.

ಇನ್ನು ಔಷಧ ಚೀಟಿಗೇ ಬರೋಣ. ಚೀಟಿ ಬರೆಯುವ ಅಧಿಕಾರ ಯಾರದು ಎಂಬುದು ಮೊದಲ ಪ್ರಶ್ನೆ. 1992ರ ಜುಲೈಯಲ್ಲಿ ಮುಂಬಯಿಯ ಗೃಹಸ್ಥರೊಬ್ಬರಿಗೆ ಜ್ವರ ಬಂದಿತು. ನೆರೆಯ ವೈದ್ಯರು ಮೊದಲು ವೈರಲ್ ಜ್ವರವೆಂದು, ಬಳಿಕ ಟೈಫಾಯ್ಡ್ ಎಂದು ಅಲೋಪತಿ ಔಷಧ ಕೊಟ್ಟರು. ಅವರ ಓದು ಹೋಮಿಯೋಪತಿಯದು. ಜುಲೈ 14ರಂದು ರೋಗಿ ತೀರಿಕೊಂಡರು. ರಾಷ್ಟ್ರೀಯ ಆಯೋಗದಲ್ಲಿ ಸೋತ ಪತ್ನಿ ಸುಪ್ರೀಂ ಕೋರ್ಟಿಗೆ ಹೋದರು. ತಾನು ಕಲಿಯದ ಪದ್ಧತಿಯ ಔಷಧವನ್ನು ಬರೆಯುವುದೇ ನಿರ್ಲಕ್ಷ್ಯ, ಅದಕ್ಕೆ ಬೇರೆ ಸಾಕ್ಷ್ಯ ಬೇಡ ಎಂದು 1996ರ ಮೇ ತಿಂಗಳಲ್ಲಿ ಕೋರ್ಟು ಹೇಳಿತು. 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಎರಡನೆಯ ಪ್ರಶ್ನೆ, ಚೀಟಿಯಿಂದ ರೋಗಿಯ ರಕ್ತನಾಳದವರೆಗಿನ ದಾರಿಯಲ್ಲಿ ಕಾವಲು ಯಾರು? 1993ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯ ಆಸುಪಾಸಿನ ಆಸ್ಪತ್ರೆಯೊಂದರಲ್ಲಿ ಟೈಫಾಯ್ಡಿನಿಂದ ಮಲಗಿದ್ದ ಬಾಲಕನ ತಂದೆಗೆ ನರ್ಸ್ ಒಂದು ಚುಚ್ಚುಮದ್ದನ್ನು ತರಲು ಹೇಳಿದರು. ತಂದೆಯೇ ಅಂಗಡಿಗೆ ಹೋಗಿ ತಂದುಕೊಟ್ಟರು. ಅದು ಲಾರಿಯಾಗೊ, ಮಲೇರಿಯಾದ ಔಷಧ. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ನೇರವಾಗಿ ರಕ್ತನಾಳಕ್ಕೆ ಕೊಟ್ಟ ಕ್ಷಣವೇ ಮಗುವಿನ ಹೃದಯ ನಿಂತಿತು. ಹೃದಯವನ್ನು ಮರಳಿ ನಡೆಸಿದರೂ ಮಿದುಳು ಮರಳಲಿಲ್ಲ. ತನ್ನ ಕೈಯಾರೆ ಔಷಧ ತಂದುಕೊಟ್ಟ ಆ ತಂದೆಯ ಸಂಕಟವನ್ನು ಯಾವ ನ್ಯಾಯಾಲಯ ಅಳೆಯಬಲ್ಲುದು? ಆದರೂ ಅಳೆಯುವ ಪ್ರಯತ್ನ ನಡೆಯಿತು. ಮಗುವಿಗೆ 12.5 ಲಕ್ಷ, ತಂದೆತಾಯಿಯ ಮನೋವ್ಯಥೆಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ. 1998ರ ಮಾರ್ಚಿನಲ್ಲಿ ಇದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಚಿಕಿತ್ಸೆಗೆ ಹಣ ಕೊಟ್ಟ ತಂದೆತಾಯಿಯೂ ಗ್ರಾಹಕರೇ ಎಂದಿತು. ಮನೆಯವರ ದುಃಖಕ್ಕೆ ಕಾನೂನಿನ ಲೆಕ್ಕದಲ್ಲಿ ತನ್ನದೇ ಒಂದು ಸಾಲು ದೊರೆಯಿತು.

ಹಾಗೆಂದು ಔಷಧದಿಂದಾದ ಹಾನಿಯೆಲ್ಲ ತಪ್ಪಿನ ಫಲವಲ್ಲ. ಮುಂಬಯಿಯಲ್ಲಿ 1991ರಲ್ಲಿ ಮೂತ್ರಪಿಂಡದ ರೋಗಿಯೊಬ್ಬರಿಗೆ ಅಮಿಕಾಸಿನ್ ಕೊಡಲಾಯಿತು. ಅದರಿಂದ ತಮ್ಮ ಕಿವಿ ಕೆಟ್ಟಿತೆಂದು ಅವರು ದೂರಿದರು. ರಾಷ್ಟ್ರೀಯ ಆಯೋಗ ಪರಿಹಾರ ಕೊಡಿಸಿತಾದರೂ, ಜೀವ ಉಳಿಸಲು ಆ ಔಷಧ ಬೇಕಾಗಿತ್ತೆಂದು ಸುಪ್ರೀಂ ಕೋರ್ಟು 2009ರಲ್ಲಿ ಆ ಆದೇಶವನ್ನು ರದ್ದುಗೊಳಿಸಿತು. ತಜ್ಞರ ಅಭಿಪ್ರಾಯವಿಲ್ಲದೆ ವೈದ್ಯರಿಗೆ ನೋಟಿಸು ಕೊಡಬಾರದೆಂದೂ ಹೇಳಿತು. ಮರುವರ್ಷವೇ ಹೈದರಾಬಾದಿನ ಪ್ರಕರಣದಲ್ಲಿ ಇನ್ನೊಂದು ಪೀಠ ಈ ಬಿಗಿಯನ್ನು ಸಡಿಲಿಸಿತು. ಅಲ್ಲಿ 2002ರಲ್ಲಿ ಜ್ವರದಿಂದ ಆಸ್ಪತ್ರೆ ಸೇರಿದ ಮಹಿಳೆಗೆ ಟೈಫಾಯ್ಡಿನ ಚಿಕಿತ್ಸೆ ನಡೆಯಿತು, ಇದ್ದದ್ದು ಮಲೇರಿಯಾ. ಅವರ ಪತಿ ಮಲೇರಿಯಾ ಇಲಾಖೆಯ ಅಧಿಕಾರಿಯಾಗಿದ್ದರು. ತಪ್ಪು ಎದುರಿಗೇ ಕಾಣುವಾಗ ಪ್ರತಿ ದೂರಿಗೂ ತಜ್ಞರ ಸಾಕ್ಷ್ಯವನ್ನು ಕೇಳಬೇಕಾಗಿಲ್ಲ ಎಂದ ಕೋರ್ಟು, ಜಿಲ್ಲಾ ವೇದಿಕೆ ಕೊಡಿಸಿದ್ದ 2 ಲಕ್ಷ ರೂಪಾಯಿಯನ್ನು ಮರಳಿ ಕೊಡಿಸಿತು.

ಈ ಚರಿತ್ರೆಯ ದೊಡ್ಡ ಹೆಸರು ಅನುರಾಧಾ ಸಾಹಾ. ಅಮೆರಿಕದಲ್ಲಿ ನೆಲೆಸಿದ್ದ ಅವರು 1998ರ ಬೇಸಿಗೆಯಲ್ಲಿ ಪತಿ ಡಾ. ಕುನಾಲ್ ಸಾಹಾ ಅವರೊಂದಿಗೆ ಕಲ್ಕತ್ತೆಗೆ ಬಂದಿದ್ದರು. ಮೈಮೇಲೆ ಗಂಧೆಗಳೆದ್ದವು. ಡೆಪೊಮೆಡ್ರಾಲ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದನ್ನು 80 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಬಾರಿ, ಮೂರು ದಿನ ಕೊಡುವಂತೆ ಚೀಟಿ ಬರೆಯಲಾಯಿತು. ದೇಹದಲ್ಲಿ ಬಹುಕಾಲ ನಿಂತು ಕೆಲಸ ಮಾಡುವ ಔಷಧವದು. ಒಂದು ಚುಚ್ಚುಮದ್ದಿಗೂ ಇನ್ನೊಂದಕ್ಕೂ ದಿನಗಳ ಅಂತರ ಬೇಕು. ಚರ್ಮವೇ ಸುಲಿದುಬರುವ ಭಯಂಕರ ರೋಗ ಉಲ್ಬಣಿಸಿ, ವಿಮಾನದಲ್ಲಿ ಮುಂಬಯಿಗೆ ಸಾಗಿಸಿದರೂ ಮೇ 28ರಂದು ಅವರು ಅಸುನೀಗಿದರು. ಸಾಹಾ ಅವರ ಹೋರಾಟ ಹದಿನೈದು ವರ್ಷ ನಡೆಯಿತು. 2009ರಲ್ಲಿ ಸುಪ್ರೀಂ ಕೋರ್ಟು ವೈದ್ಯರನ್ನು ಕ್ರಿಮಿನಲ್ ಆರೋಪದಿಂದ ಬಿಡುಗಡೆ ಮಾಡಿದ್ದನ್ನು ಒಪ್ಪಿಕೊಂಡಿತು, ಅದೇ ತೀರ್ಪಿನಲ್ಲಿ ಪರಿಹಾರದ ಹೊಣೆಯನ್ನು ಹೊರಿಸಿತು. ವಿಜ್ಞಾನೇಶ್ವರನ ಕಾಲದಲ್ಲಿ ದಂಡವೊಂದೇ ಇತ್ತು. ಈಗ ದಂಡದ ದಾರಿ ಬೇರೆ, ಪರಿಹಾರದ ದಾರಿ ಬೇರೆ. ಮೊದಲನೆಯದಕ್ಕೆ ಘೋರ ನಿರ್ಲಕ್ಷ್ಯವೇ ಸಾಬೀತಾಗಬೇಕು, ಎರಡನೆಯದಕ್ಕೆ ಅಷ್ಟು ಬೇಕಿಲ್ಲ.

2013ರ ಅಕ್ಟೋಬರ್ 24ರಂದು ನಿಗದಿಯಾದ ಪರಿಹಾರ ಸುಮಾರು 6 ಕೋಟಿ ರೂಪಾಯಿ, ಬಡ್ಡಿ ಬೇರೆ. ಪಾಲಶೇತದ ಹುಡುಗನ 3,000 ರೂಪಾಯಿಯನ್ನು ನೆನೆದರೆ ಇದೊಂದು ವಿಜಯದ ಕಥೆಯೆನಿಸುತ್ತದೆ. ಆದರೆ ಆ ಮೊತ್ತವನ್ನು ಬಿಡಿಸಿ ನೋಡಬೇಕು. ಅದರಲ್ಲಿ 5.7 ಕೋಟಿಗೂ ಹೆಚ್ಚಿನ ಪಾಲು ಅನುರಾಧಾ ಗಳಿಸಬಹುದಾಗಿದ್ದ ಆದಾಯದ ನಷ್ಟಕ್ಕೆ. ಆಕೆ ಅನುಭವಿಸಿದ ನೋವಿಗೆ 10 ಲಕ್ಷ. ಪತಿ ಕಳೆದುಕೊಂಡ ಸಾಹಚರ್ಯಕ್ಕೆ 1 ಲಕ್ಷ. ಅಮೆರಿಕದ ಸಂಬಳದ ಲೆಕ್ಕ ಹಿಡಿದದ್ದರಿಂದ ಮೊತ್ತ ಬೆಳೆಯಿತು. ಅದೇ ಚೀಟಿಯನ್ನು ಕಲಬುರಗಿಯಿಂದ ಬಂದು ಮುಂಬಯಿಯ ಕಟ್ಟಡಗಳಲ್ಲಿ ಗಾರೆ ಹೊರುವ ಹೆಂಗಸಿಗೆ ಬರೆದಿದ್ದರೆ? ನೋವು ಅಷ್ಟೇ, ಸಾವೂ ಅದೇ. ಆದಾಯದ ಸಾಲಿನಲ್ಲಿ ಮಾತ್ರ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಉಚಿತ ಆಸ್ಪತ್ರೆಗೆ ಹೋಗಿದ್ದರೆ ಗ್ರಾಹಕ ಆಯೋಗದ ಬಾಗಿಲೂ ಇಲ್ಲ. ರಾಜಪುರುಷನಿಗೊಂದು, ಸಾಮಾನ್ಯನಿಗೊಂದು ಎಂಬ ದರ್ಜೆ ಹೆಸರು ಬದಲಿಸಿಕೊಂಡು ಉಳಿದಿದೆ. ಹಣದ ದಿಕ್ಕು ಬದಲಾಗಿದೆ, ತಕ್ಕಡಿ ಪೂರ್ತಿ ಬದಲಾಗಿಲ್ಲ.

ಪರಿಹಾರಕ್ಕಿಂತ ತಪ್ಪು ತಡೆಯುವುದು ಮೇಲು ಎಂಬ ಅರಿವೂ ಈ ನಡುವೆ ಬೆಳೆಯಿತು. ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಎಂಬ ಮಲೇರಿಯಾ ಔಷಧಗಳ ಹೆಸರಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಆಡಿದ ಮಾತು ಹೊರನಾಡಿನವರಾದ ನಮಗೆ ವಿಶೇಷವಾಗಿ ತಟ್ಟುವಂಥದು. ಹಲವು ಭಾಷೆಗಳ ಈ ದೇಶದಲ್ಲಿ ಇಂಗ್ಲಿಷ್ ಬಲ್ಲವರು ಕೆಲವರು. ಇಲ್ಲಿ ಹೆಸರಿನ ಗೊಂದಲ ಹೆಚ್ಚು ಅಪಾಯಕಾರಿ ಎಂಬುದು ಅದರ ಭಾವ. ಊರಿನಿಂದ ಬಂದ ತಾಯಿ ಮರಾಠಿ ಅಥವಾ ತಮಿಳು ಮಾತಾಡುವ ನರ್ಸಿನ ಮುಂದೆ ತಲೆಯಾಡಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಪರಿಷತ್ತು ತನ್ನ ನಿಯಮವನ್ನು ತಿದ್ದಿ, ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವಿಧಿಸಿತು.

2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥವರಿಗೆ ಒಂದು ಅನುಕೂಲವನ್ನು ತಂದಿದೆ. ಮೊದಲು ವೈದ್ಯರಿರುವ ಅಥವಾ ಘಟನೆ ನಡೆದ ಊರಿನಲ್ಲಿಯೇ ದೂರು ಕೊಡಬೇಕಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿ ಕೊಡಬಹುದು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಆಸ್ಪತ್ರೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ.

ಈ ಪ್ರಕರಣಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುತ್ತದೆ. ಗೆದ್ದವರು ಯಾರೂ ರಾಜಪುರುಷರಲ್ಲ. ಒಬ್ಬ ವಿಧವೆ, ಮಗನನ್ನು ಕಳೆದುಕೊಂಡ ತಂದೆತಾಯಿ, ಎದ್ದು ಕೂರಲಾರದ ಮಗುವಿನ ಪೋಷಕರು, ಹೆಂಡತಿಯನ್ನು ಕಳೆದುಕೊಂಡ ಗಂಡಂದಿರು. ದುಃಖದ ನಡುವೆಯೂ ಯಾವ ಔಷಧ, ಎಷ್ಟು ಪ್ರಮಾಣ, ಯಾರ ಕೈಯಿಂದ ಎಂದು ಕೇಳಿ, ಉತ್ತರ ಬರುವ ತನಕ ಕಾದವರು ಇವರು. ನಮ್ಮ ಮನೆಗಳಲ್ಲಿ ಗುಳಿಗೆ ಮುಗಿದೊಡನೆ ಚೀಟಿಯನ್ನು ಎಸೆಯುವುದು ವಾಡಿಕೆ. ಪಡಿತರ ಚೀಟಿ, ಬಾಡಿಗೆ ಕರಾರುಗಳನ್ನು ಜೋಪಾನವಾಗಿ ಇಡುವ ಪೆಟ್ಟಿಗೆಯಲ್ಲಿ ಅದಕ್ಕೂ ಒಂದಿಷ್ಟು ಜಾಗವಿರಲಿ.