ಬೇತಾಳ ನಮಗೆ ಹೇಳದ ಕಥೆ

ಚಂದಮಾಮ ಓದಿ ಬೆಳೆದವರಿಗೆ ಆ ಚಿತ್ರ ಮರೆಯೋದಿಲ್ಲ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನ. ಬರೆದವರು ಶಂಕರ್, ಅಂದರೆ 2020ರಲ್ಲಿ ತೀರಿಕೊಂಡ ಕೆ.ಸಿ. ಶಿವಶಂಕರನ್. 1947ರಲ್ಲಿ ಮದ್ರಾಸಿನಲ್ಲಿ ಶುರುವಾದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ತಿಂಗಳಿಗೊಂದು ಕಥೆ. ಬೇತಾಳ ಪ್ರಶ್ನೆ ಕೇಳೋದು, ರಾಜ ಬಾಯಿ ಬಿಡೋದು, ಹೆಣ ವಾಪಸ್ ಮರಕ್ಕೆ!

ಅದು ಸರಿ, ರಾಜ ಆ ಹೆಣ ಹೊತ್ತಿದ್ದಾದರೂ ಯಾಕೆ?

ಉತ್ತರ 11ನೇ ಶತಮಾನದ ಕಾಶ್ಮೀರಿ ಕವಿ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಊರು ಗೋದಾವರಿ ದಂಡೆಯ ಪ್ರತಿಷ್ಠಾನ, ಅಂದರೆ ಈಗಿನ ಪೈಠಣ. ಕ್ಷಾಂತಿಶೀಲನೆಂಬ ಭಿಕ್ಷು ಹತ್ತು ವರ್ಷ ದಿನಾ ಒಂದು ಹಣ್ಣು ಕೊಡುತ್ತಾನೆ. ಪ್ರತಿ ಹಣ್ಣಿನೊಳಗೂ ಒಂದು ರತ್ನ. ಕೊನೆಗೆ ಕೇಳೋದು ಒಂದೇ, ಸ್ಮಶಾನದ ಮರದಲ್ಲಿ ನೇತಾಡುವ ಹೆಣ ತಂದುಕೊಡು ಅಂತ. ಮೂಳೆಪುಡಿಯ ಮಂಡಲ ಬರೆದು, ಬೇತಾಳನನ್ನು ಒಲಿಸಿಕೊಂಡು, ರಾಜನನ್ನೇ ಬಲಿಕೊಟ್ಟು ವಿದ್ಯಾಧರರ ಒಡೆಯನಾಗುವ ತಂತ್ರಸಾಧನೆ ಅದು. ನಾವು ಮಕ್ಕಳ ಕಥೆ ಅಂತ ಓದಿದ್ದು ಇದನ್ನ!

ಬೇತಾಳ ಬರೀ ಕಥೆಪುಸ್ತಕದ ಭೂತ ಅಲ್ಲ. ನಮ್ಮ ರಟ್ಟೀಹಳ್ಳಿಯ ಕದಂಬೇಶ್ವರ ದೇವಸ್ಥಾನ 12ನೇ ಶತಮಾನದ್ದು. ಅದೇ ಶತಮಾನದ ಆರಂಭದಲ್ಲಿ ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಸ್ಥಾನ ಕಟ್ಟಿದರು. ಅಲ್ಲಿ ಕಾಳಿಯ ಗುಡಿ ಕಾಯೋದು ಆಳೆತ್ತರದ ಎರಡು ಬೇತಾಳಗಳು. ಎಲುಬು ಎಣಿಸಬಹುದು, ಹಾಗೆ ಕೆತ್ತಿದ್ದಾರೆ. ಆ ಕಾಲದ ಜನರಿಗೆ ಬೇತಾಳ ಪೂಜೆಯ ಒಂದು ಭಾಗವೇ ಆಗಿದ್ದ.

ಇನ್ನು ತತ್ವದ ಮಾತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆದು ಹೋಗುತ್ತೆ ಅನ್ನೋದು ಬೇತಾಳನ ಶರತ್ತು. ಹಾಗಾಗಿ ಜಾಣ ರಾಜ ಪ್ರತಿ ಸಲ ಮಾತಾಡಿ ಹೆಣ ಕಳಕೊಳ್ಳುತ್ತಾನೆ. ಕೊನೆಯ ಒಗಟು: ತಂದೆ ಮಗಳನ್ನೂ, ಮಗ ಆಕೆಯ ತಾಯಿಯನ್ನೂ ಮದುವೆಯಾದರೆ ಅವರ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ನಿಜವಾಗಿಯೂ ಗೊತ್ತಿಲ್ಲ, ಸುಮ್ಮನಿರುತ್ತಾನೆ. ಬೇತಾಳ ಮೆಚ್ಚಿ ಗುಟ್ಟು ಹೇಳುತ್ತಾನೆ: "ಭಿಕ್ಷು ಸಾಷ್ಟಾಂಗ ಹಾಕು ಅಂದಾಗ, ನನಗೆ ಗೊತ್ತಿಲ್ಲ, ನೀನೇ ತೋರಿಸು ಅನ್ನು." ಭಿಕ್ಷು ಬಗ್ಗುತ್ತಾನೆ, ರಾಜನ ಕತ್ತಿ ಬೀಳುತ್ತೆ.

ಇಪ್ಪತ್ತಕ್ಕೂ ಹೆಚ್ಚು ಸರಿಯುತ್ತರ ಹೇಳಿದವನ ಜೀವ ಉಳಿಸಿದ್ದು "ಗೊತ್ತಿಲ್ಲ" ಅನ್ನೋ ಒಂದು ಮಾತು! ಚಂದಮಾಮದಲ್ಲಿ ಹೆಣ ಮರಕ್ಕೆ ಹಾರುತ್ತಲೇ ಇತ್ತು, ಈ ಕೊನೆ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ನನ್ನ ಪ್ರಕಾರ ಮಕ್ಕಳಿಗೆ ಮೊದಲು ಹೇಳಬೇಕಾದ್ದು ಇದನ್ನೇ. ನೀವೇನಂತೀರಿ? ನಿಮ್ಮೂರ ಗುಡಿಯ ಗೋಡೆ ಮೇಲೂ ಬೇತಾಳ ಇದ್ದರೆ ಒಂದು ಫೋಟೋ ಹಾಕಿ, ನೋಡೋಣ.