ಕೊಕ್ಕೊ ಕೊಳ್ಳುವವರೇ ಇಲ್ಲದಾಗ

ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿ ಎಂದು 1970ರ ದಶಕದಲ್ಲಿ ಕಂಪನಿಯವರು ದಕ್ಷಿಣ ಕನ್ನಡದ ಕೃಷಿಕರನ್ನು ಹುರಿದುಂಬಿಸಿದ್ದರು. ಗಿಡ ಫಸಲು ಕೊಡುವ ಹೊತ್ತಿಗೆ, 1980ರ ಆಸುಪಾಸಿನಲ್ಲಿ, ಬೆಲೆ ಕುಸಿಯಿತು. ಕೊಳ್ಳುವವರು ಹಿಂದೆ ಸರಿದರು. ಅಡಿಕೆಯಾದರೆ ಒಣಗಿಸಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಕೊಕ್ಕೊದ ಹಸಿ ಬೀಜ ನಮಗಾಗಿ ಕಾಯುತ್ತದೆಯೇ? ಎಷ್ಟೋ ತೋಟಗಳಲ್ಲಿ ಗಿಡಕ್ಕೆ ಕತ್ತಿ ಬಿತ್ತು.

ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಅಡಿಕೆ ವ್ಯಾಪಾರ ಗೊತ್ತಿತ್ತು, ಚಾಕಲೇಟು ಗೊತ್ತಿರಲಿಲ್ಲ. ಮುಂದೆ ಮಾರುವ ದಾರಿ ಸರಿಯಾಗಿ ಕಾಣದಾಗಲೇ ರೈತರ ಬೀಜ ತೂಗಿ ದುಡ್ಡು ಕೊಟ್ಟರಲ್ಲ, ನನಗೆ ದೊಡ್ಡ ಧೈರ್ಯ ಅನಿಸುವುದು ಅದೇ. ಹೊರದೇಶಕ್ಕೂ ಕಳಿಸಿ ನೋಡಿದರು. ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ತಮ್ಮದೇ ಚಾಕಲೇಟ್ ಕಾರ್ಖಾನೆ ಶುರುಮಾಡಿದರು.