ಸಪ್ಪೆ ಎಲೆ

ಹೂಡಿಯ ನಮ್ಮ ಮನೆಯ ತಾರಸಿ ಮೇಲೆ ಮೂರು ಕುಂಡಗಳಲ್ಲಿ ಹೊಗೆಸೊಪ್ಪು ಬೆಳೆಸಿದ್ದೆ. ನಿಪ್ಪಾಣಿ ಕಡೆ ತಂಬಾಕು ಬೆಳೆಯುತ್ತಿದ್ದ ಮಾವನವರು ಬಂದಾಗ ಒಣಗಿಸಿದ ಎಲೆ ತೋರಿಸಿದೆ. ಬೆರಳಲ್ಲಿ ಉಜ್ಜಿ ಮೂಸಿ, 'ಇದು ತಂಬಾಕ ಅಲ್ಲ, ಹುಲ್ಲು' ಅಂದರು.

ತಪ್ಪುಗಳು ಒಂದೊಂದಾಗಿ ಹೊರಬಂದವು. ಹೂ ಚೆಂದ ಕಂಡಿತೆಂದು ಕುಡಿ ಮುರಿದಿರಲಿಲ್ಲ. ಗಿಡದ ಸತ್ವವೆಲ್ಲ ಬೀಜಕ್ಕೆ ಹೋಗಿತ್ತು. ಬೀಡಿ ತಂಬಾಕಿನ ಎಲೆ ಬಲಿತಾಗ ಮೈಮೇಲೆ ಕಂದು ಚುಕ್ಕೆ ಮೂಡುತ್ತದೆ, ಕೊಯ್ಲು ಆಮೇಲೆ. ಬಿಸಿಲಿಗೆ ಹರಡುವುದು ಅಂಥ ಎಲೆಯನ್ನು. ನಾನು ಎಳೆಯದನ್ನೇ ಕಿತ್ತು ಸುಡುಬಿಸಿಲಿಗೆ ಹಾಕಿದ್ದೆ. ಹಸಿರು ಹಾಗೇ ಸಿಕ್ಕಿಕೊಂಡಿತು. ಒಣಗಿದ ಎಲೆಗೆ ತುಸು ತೇವ ಕೊಟ್ಟು ರಾಶಿ ಹಾಕಿದರೆ ಒಳಗೇ ಕಾವು ಹುಟ್ಟಿ, ಹಸಿ ವಾಸನೆ ಹೋಗಿ ಘಾಟು ಹದಕ್ಕೆ ಬರುತ್ತದೆ. ಮೂರು ಕುಂಡದ ಎಲೆಗೆ ಎಲ್ಲಿಯ ರಾಶಿ, ಎಲ್ಲಿಯ ಕಾವು!

ನಾನು ನಕ್ಕೆ. ಆದರೆ ನಿಪ್ಪಾಣಿಯಲ್ಲಿ 'ಸಪ್ಪೆ' ಎಂಬ ಮಾತು ವ್ಯಾಪಾರಿಯ ಬಾಯಿಂದ ಬಂದರೆ ದರ ಇಳಿಯುತ್ತಿತ್ತು. ಎಲೆ ಮೂಸುವವನೂ ಬೆಲೆ ಕಟ್ಟುವವನೂ ಅವನೇ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ತಕ್ಕ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತರು. ಏಪ್ರಿಲ್‌ನಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ತಂಬಾಕು ಮಂಡಳಿ 1976ರಲ್ಲೇ ಬಂದಿತ್ತು. ಕರ್ನಾಟಕದಲ್ಲಿ ಅದರ ಹರಾಜು ಶುರುವಾದದ್ದು 1984ರಲ್ಲಿ, ಅದೂ ಹುಣಸೂರು, ಪಿರಿಯಾಪಟ್ಟಣ ಕಡೆಯ ಸಿಗರೇಟ್ ತಂಬಾಕಿಗೆ. ಬೀಡಿ ತಂಬಾಕು ಹೊರಗೇ ಉಳಿಯಿತು.

ಮಾವನವರೂ ಆ ಹೆದ್ದಾರಿಯಲ್ಲಿ ಕೂತಿದ್ದರಂತೆ. 'ನಮ್ಮ ಎಲಿ ಚಲೋನ ಇತ್ತು' ಎಂದಷ್ಟೇ ಹೇಳಿ, ನನ್ನ ಎಲೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿದರು. ಗುಲಾಬಿ ಗಿಡದ ಹೇನಿಗಾದರೂ ಆದೀತು ಅಂತ.